ಆಸ್ಟಿನ್ ಸೆವೆನ್: ಸಿಲಿಂಡರು ಸಣಕಲಾದದ್ದು ಏಕೆ?

ಬ್ರಿಟನ್ನಿನ ಹಳೆಯ ಪುಟ್ಟ ಕಾರು ಆಸ್ಟಿನ್ ಸೆವೆನ್. ಅದರ ಹೆಸರಿನಲ್ಲಿರುವ ಏಳನ್ನು ಎಂಜಿನ್ನಿನ ಶಕ್ತಿ ಎಂದುಕೊಂಡವರಿದ್ದಾರೆ. ಆ ಎಂಜಿನ್ನು ನಿಜದಲ್ಲಿ ಕೊಡುತ್ತಿದ್ದುದು ಸುಮಾರು 10 ಅಶ್ವಶಕ್ತಿ. ಏಳು ಬಂದದ್ದು ತೆರಿಗೆಯ ಲೆಕ್ಕದಿಂದ. ಕಾರಿನ ಚರಿತ್ರೆ ಹೇಳುವವರು ಈ ಲೆಕ್ಕವನ್ನು ಹಾರಿಸಿಬಿಡುತ್ತಾರೆ. ನನಗಂತೂ ಇಡೀ ಕಥೆಯ ಜೀವಾಳವೇ ಅದು.

1921ರ ಜನವರಿಯಿಂದ ಬ್ರಿಟನ್ನಿನಲ್ಲಿ ಕಾರಿನ ಒಂದೊಂದು ಅಶ್ವಶಕ್ತಿಗೂ ವರ್ಷಕ್ಕೆ 1 ಪೌಂಡ್ ತೆರಿಗೆ ಬಿತ್ತು. ಎಂಜಿನ್ನನ್ನು ಓಡಿಸಿ ಅಳೆಯುವ ಗೋಜಿಲ್ಲ. ಸಿಲಿಂಡರಿನ, ಅಂದರೆ ಪಿಸ್ಟನ್ನು ಓಡಾಡುವ ಕೊಳವೆಯ, ಒಳವ್ಯಾಸವನ್ನು ಅಂಗುಲದಲ್ಲಿ ಹಿಡಿದು, ವರ್ಗ ಮಾಡಿ, ಸಿಲಿಂಡರುಗಳ ಸಂಖ್ಯೆಯಿಂದ ಗುಣಿಸಿ, 2.5ರಿಂದ ಭಾಗಿಸಿದರೆ ಮುಗಿಯಿತು. ಪಿಸ್ಟನ್ನು ಮೇಲೆ ಕೆಳಗೆ ಓಡಾಡುವ ದೂರ, ಅಂದರೆ ಸ್ಟ್ರೋಕ್, ಈ ಸೂತ್ರದಲ್ಲಿ ಇಲ್ಲವೇ ಇಲ್ಲ! ಸಿಲಿಂಡರು ಸಣಕಲಾದಷ್ಟೂ ತೆರಿಗೆ ಕಡಿಮೆ.

ಇದನ್ನು ಸರ್ಕಾರಿ ದಡ್ಡತನವೆಂದು ನಗಬೇಡಿ. ಪಿಸ್ಟನ್ನಿನ ಮೇಲಿನ ಒತ್ತಡ, ಅದರ ವಿಸ್ತೀರ್ಣ, ಅದರ ವೇಗ ಈ ಮೂರರ ಗುಣಲಬ್ಧವೇ ಶಕ್ತಿ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಸೂತ್ರ ಕಟ್ಟಿದವರು ಪಿಸ್ಟನ್ನಿನ ವೇಗ ನಿಮಿಷಕ್ಕೆ 1,000 ಅಡಿ ಎಂದು ಹಿಡಿದರು. ಉದ್ದ ಕಾಲಿನವನೂ ಗಿಡ್ಡ ಕಾಲಿನವನೂ ಜೊತೆಯಾಗಿ ನಡೆದರೆ ಉದ್ದ ಕಾಲಿನವನ ಹೆಜ್ಜೆಗಳು ಕಡಿಮೆ, ಸಾಗುವ ದೂರ ಒಂದೇ. ಹಾಗೆಯೇ ಸ್ಟ್ರೋಕ್ ಉದ್ದವಾದರೆ ಎಂಜಿನ್ನಿನ ಸುತ್ತುಗಳು ಕಡಿಮೆಯಾಗುತ್ತವೆ, ಪಿಸ್ಟನ್ನಿನ ವೇಗ ಅಷ್ಟೇ ಉಳಿಯುತ್ತದೆ. ವೇಗವನ್ನು ಸ್ಥಿರವೆಂದು ಒಪ್ಪಿದ ಕ್ಷಣವೇ ಸ್ಟ್ರೋಕ್ ಸಮೀಕರಣದಿಂದ ಉದುರಿಹೋಗುತ್ತದೆ. ಎಷ್ಟು ಸೊಗಸಾದ ತರ್ಕ!

ಆದರೆ ಎಂಜಿನ್ನುಗಳು ಸುಧಾರಿಸಿ ಪಿಸ್ಟನ್ನುಗಳು ಇನ್ನೂ ಬಿರುಸಾಗಿ ಓಡತೊಡಗಿದವು. ಸೂತ್ರ ಮಾತ್ರ ನಿಂತಲ್ಲೇ ನಿಂತಿತು. ಫೋರ್ಡ್ ಮಾಡೆಲ್ ಟಿ ಕಾರಿನ ನಾಲ್ಕು ಸಿಲಿಂಡರುಗಳ ವ್ಯಾಸ 3.75 ಅಂಗುಲ. ಸೂತ್ರಕ್ಕೆ ಹಾಕಿ ನೋಡಿ, 22.5 ಬರುತ್ತದೆ. ನಿಜವಾದ ಶಕ್ತಿ ಸುಮಾರು 20. ಆಸ್ಟಿನ್ ಸೆವೆನ್‌ನ ವ್ಯಾಸ 2.2 ಅಂಗುಲ, ಸ್ಟ್ರೋಕ್ 3 ಅಂಗುಲ. ಸೂತ್ರದ ಪ್ರಕಾರ ಬರುವುದು 7.7. ಫೋರ್ಡ್ ಕೊಂಡವನು ಇಲ್ಲದ ಶಕ್ತಿಗೂ ತೆರಿಗೆ ಕಟ್ಟಿದ. ಆಸ್ಟಿನ್ ಕೊಂಡವನಿಗೆ ಒಂದಿಷ್ಟು ಶಕ್ತಿ ಪುಕ್ಕಟೆ ಸಿಕ್ಕಿತು.

ಕಾರಿನ ಹುಟ್ಟೂ ಕಷ್ಟಕಾಲದ್ದೇ. 1921ರಲ್ಲಿ ಬರ್ಮಿಂಗ್‌ಹ್ಯಾಮ್ ಬಳಿಯ ಆಸ್ಟಿನ್ ಕಂಪನಿಯ ಲಾಂಗ್‌ಬ್ರಿಡ್ಜ್ ಕಾರ್ಖಾನೆ ಸಾಲದಲ್ಲಿ ಮುಳುಗಿ, ಆಡಳಿತ ರಿಸೀವರ್, ಅಂದರೆ ಸಾಲ ತೀರಿಸಲು ನೇಮಕವಾದ ಅಧಿಕಾರಿಯ ಕೈಗೆ ಹೋಗಿತ್ತು. ಪುಟ್ಟ ಕಾರಿನ ಯೋಜನೆಗೆ ನಿರ್ದೇಶಕ ಮಂಡಳಿ ಒಪ್ಪಲಿಲ್ಲ. ಕಂಪನಿ ಕಟ್ಟಿದ ಹರ್ಬರ್ಟ್ ಆಸ್ಟಿನ್ ಹಟ ಬಿಡದೆ, ಹದಿನೆಂಟು ವರ್ಷದ ನಕ್ಷೆಗಾರ ಸ್ಟ್ಯಾನ್ಲಿ ಎಡ್ಜ್‌ನನ್ನು ತಮ್ಮ ಮನೆಗೆ ಕರೆಸಿಕೊಂಡು ಬಿಲಿಯರ್ಡ್ಸ್ ಕೋಣೆಯಲ್ಲಿ ಕೆಲಸಕ್ಕೆ ಕೂರಿಸಿದರು. ಎರಡು ಸಿಲಿಂಡರು ಸಾಕು ಎಂಬುದು ಯಜಮಾನರ ಎಣಿಕೆ. ನಾಲ್ಕೇ ಬೇಕು, ಅದೇ ನಯವಾಗಿ ಓಡುತ್ತದೆ ಎಂದು ಹುಡುಗ ವಾದಿಸಿ ಗೆದ್ದ! 1922ರಲ್ಲಿ ಬಂದ ಕಾರಿನ ತೂಕ ಸುಮಾರು 360 ಕಿಲೋ. ನಾಲ್ಕೂ ಚಕ್ರಕ್ಕೆ ಬ್ರೇಕು ಇತ್ತು, ನೀರಿನ ಪಂಪು ಇರಲಿಲ್ಲ. ಬಿಸಿನೀರು ಮೇಲೇರುವ ಗುಣವೇ ಎಂಜಿನ್ನನ್ನು ತಣಿಸುತ್ತಿತ್ತು. 1939ರವರೆಗೆ ಸುಮಾರು 2.9 ಲಕ್ಷ ಕಾರುಗಳು ತಯಾರಾದವು. ಇದೇ ಕಾರನ್ನು ಜರ್ಮನಿಯ ಐಸೆನಾಕ್‌ನಲ್ಲಿ ಲೈಸೆನ್ಸ್ ಪಡೆದು ಡಿಕ್ಸಿ ಹೆಸರಿನಲ್ಲಿ ತಯಾರಿಸುತ್ತಿದ್ದರು. 1928ರಲ್ಲಿ ಆ ಕಾರ್ಖಾನೆಯನ್ನು ಕೊಂಡೇ ಬಿಎಂಡಬ್ಲ್ಯು ಕಾರಿನ ವ್ಯವಹಾರಕ್ಕಿಳಿದದ್ದು.

ಆ ತೆರಿಗೆ 1940ರ ದಶಕದ ಕೊನೆಯಲ್ಲಿ ಹೋಯಿತು. ಅಳತೆಯ ಗೆರೆ ಎಳೆದು ತೆರಿಗೆ ಹಾಕುವ ರೂಢಿ ಹೋಗಲಿಲ್ಲ. ನಮ್ಮಲ್ಲಿ 2006ರ ಬಜೆಟ್ 4 ಮೀಟರ್ ಮೀರದ, ಎಂಜಿನ್ ಚಿಕ್ಕದಾದ ಕಾರುಗಳಿಗೆ ಅಬಕಾರಿ ಸುಂಕ ಇಳಿಸಿತು. 2012ರ ಮಾರುತಿ ಡಿಜೈರ್ ಹಿಂದಿನ ಡಿಕ್ಕಿ ಮೊಟಕಾಗಿ, ಉದ್ದ 3,995 ಮಿಲಿಮೀಟರಿಗೆ ಬಂದು ನಿಂತದ್ದು ಈ ಗೆರೆಯಿಂದಲೇ.