ಕದ್ರಿ ಗೋಪಾಲನಾಥರ ಬದುಕು: ಸ್ಯಾಕ್ಸೋಫೋನ್ ಕಲಿಯುವವರಿಗೆ ಟಿಪ್ಪಣಿ

ಸಂಗೀತದ ಜೂನಿಯರ್, ಸೀನಿಯರ್ ಪರೀಕ್ಷೆಗೆ ಓದುವಾಗ ನಾವೆಲ್ಲ ಜೀವನ ಚರಿತ್ರೆ ಬಾಯಿಪಾಠ ಮಾಡಿದವರೇ. ಹುಟ್ಟೂರು, ತಂದೆ, ಗುರು, ಬಿರುದು, ಪ್ರಶಸ್ತಿ ಇಷ್ಟು ಬರೆದರೆ ಅಂಕ ಬರುತ್ತದೆ. ಆದರೆ ಮಂಗಳೂರಿನಲ್ಲೇ ಕೂತು ಸ್ಯಾಕ್ಸೋಫೋನ್ ಕಲಿಯುವ ನಮಗೆ, ಆ ವಾದ್ಯದಲ್ಲಿ ಕರ್ನಾಟಕ ಸಂಗೀತ ನುಡಿಸಿದ ಕದ್ರಿ ಗೋಪಾಲನಾಥರ ವಿಷಯದಲ್ಲಿ ಅಷ್ಟು ಸಾಕಾಗುವುದಿಲ್ಲ. ಕೀ ಒತ್ತಿ ನುಡಿಸುವ ವಾದ್ಯದಲ್ಲಿ ಅವರು ಗಮಕ, ಅಂದರೆ ಸ್ವರವನ್ನು ತೂಗಿಸುವ, ಜಾರಿಸುವ ಗುಣ, ಹೇಗೆ ತಂದರು? ಅವರ ಬದುಕನ್ನು ಈ ಪ್ರಶ್ನೆ ಇಟ್ಟುಕೊಂಡು ಓದಿದರೆ ನಮ್ಮ ಸಾಧನೆಗೂ ಏನಾದರೂ ಸಿಗುತ್ತದೆ.

ಹುಟ್ಟಿದ್ದು 1949ರಲ್ಲಿ, ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ. ತಂದೆ ತನಿಯಪ್ಪ ನಾಗಸ್ವರ ವಿದ್ವಾಂಸರು. ಹುಡುಗನ ಕೈಗೆ ಮೊದಲು ಬಂದದ್ದೂ ನಾಗಸ್ವರವೇ. ಮುಂದೆ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸ್ಸು ಆ ಕಡೆ ತಿರುಗಿತು. ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಪಾಠ ಆಯಿತು. ವಾದ್ಯ ಪೂರ್ತಿ ಹಿಡಿತಕ್ಕೆ ಬರಲು ಸುಮಾರು ಇಪ್ಪತ್ತು ವರ್ಷ ಬೇಕಾಯಿತು ಎನ್ನುತ್ತಾರೆ. ಇಪ್ಪತ್ತು ವರ್ಷ ಯಾಕೆ ಬೇಕಾಯಿತು ಅಂತ ತಿಳಿಯಬೇಕಾದರೆ ವಾದ್ಯವನ್ನೇ ಸ್ವಲ್ಪ ಬಿಚ್ಚಿ ನೋಡಬೇಕು.

ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ ಈ ವಾದ್ಯಕ್ಕೆ 1846ರಲ್ಲಿ ಪ್ಯಾರಿಸ್‌ನಲ್ಲಿ ಪೇಟೆಂಟ್ ಪಡೆದರು. ಮೈಯೆಲ್ಲ ಹಿತ್ತಾಳೆ, ಆದರೂ ಇದನ್ನು ಕೊಳಲು, ಕ್ಲಾರಿನೆಟ್‌ಗಳ ಗುಂಪಿಗೇ ಸೇರಿಸುತ್ತಾರೆ. ನಾದ ಹುಟ್ಟುವುದು ಮೌತ್‌ಪೀಸ್‌ಗೆ ಕಟ್ಟಿದ ರೀಡ್‌ನಲ್ಲಿ, ಅಂದರೆ ಜೊಂಡಿನ ತೆಳು ಪಟ್ಟಿಯಲ್ಲಿ. (ಮಳೆಗಾಲದಲ್ಲಿ ಈ ರೀಡ್‌ಗಳಿಗೆ ಬೂಸ್ಟು ಬರುತ್ತದೆ. ನುಡಿಸಿದ ಮೇಲೆ ಒರೆಸಿ, ಗಾಳಿಗೆ ಒಣಗಿಸಿಯೇ ಡಬ್ಬಿಗೆ ಹಾಕಿ.) ನಾಗಸ್ವರದಲ್ಲಿ ಬೆರಳು ನೇರವಾಗಿ ರಂಧ್ರದ ಮೇಲೆ ಕೂರುತ್ತದೆ. ಅರ್ಧ ಮುಚ್ಚಬಹುದು, ಮೆಲ್ಲ ಸರಿಸಬಹುದು. ಸ್ಯಾಕ್ಸೋಫೋನ್‌ನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಕೀ ಇದೆ, ರಂಧ್ರ ಮುಚ್ಚುವ ಪ್ಯಾಡ್ ಇದೆ. ಪ್ಯಾಡ್ ಮುಚ್ಚಿದರೆ ಒಂದು ಸ್ವರ, ತೆರೆದರೆ ಇನ್ನೊಂದು. ನಡುವಿನ ದಾರಿಯೇ ಇಲ್ಲ. ನಮ್ಮ ಸಂಗೀತ ಇರುವುದೇ ಆ ನಡುವಿನಲ್ಲಿ, ಅಲ್ವಾ?

ತೋಡಿ ರಾಗದ ಗಾಂಧಾರವನ್ನೇ (ಗ) ತೆಗೆದುಕೊಳ್ಳಿ. ಅದು ಒಂದು ಕಡೆ ನಿಲ್ಲುವ ಸ್ವರವಲ್ಲ. ರಿಷಭಕ್ಕೂ (ರಿ) ಮಧ್ಯಮಕ್ಕೂ (ಮ) ನಡುವೆ ತೂಗುತ್ತಲೇ ಇರಬೇಕು. ಗಾಂಧಾರದ ಕೀ ಒತ್ತಿ ಸುಮ್ನೆ ಊದಿದರೆ ಸ್ವರ ಶುದ್ಧವಾಗಿಯೇ ಬರುತ್ತದೆ, ತೋಡಿ ಮಾತ್ರ ಬರುವುದಿಲ್ಲ. ಇಲ್ಲಿ ಕೆಲಸ ಮಾಡುವುದು ಕೆಳತುಟಿ ಮತ್ತು ದವಡೆ. ತುಟಿಯ ಬಿಗಿ ಸ್ವಲ್ಪ ಸಡಿಲಿಸಿದರೆ ಸ್ವರ ಕೆಳಗೆ ಜಾರುತ್ತದೆ. ಬಿಗಿ ಮಾಡಿದರೆ ಮೇಲೆ ಹೋಗುವುದು ತೀರಾ ಕಡಿಮೆ. ಹಾಗಾಗಿ ಮೇಲಿನ ಸ್ವರದ ಕೀ ಹಿಡಿದು, ತುಟಿಯಿಂದ ಕೆಳಗಿಳಿಸುವುದು ಸುಲಭದ ಉಪಾಯ. ತೋಡಿಯಂಥ ದೊಡ್ಡ ತೂಗಾಟಕ್ಕೆ ತುಟಿಯೊಂದೇ ಸಾಲದು. ಬೆರಳು ಕೀ ಬದಲಿಸುತ್ತದೆ, ಬದಲಾಗುವ ಆ ಬಿರುಕನ್ನು ತುಟಿ ಮುಚ್ಚುತ್ತದೆ. ಎರಡೂ ಒಂದೇ ಕ್ಷಣಕ್ಕೆ ಕೂಡಿ ಬರಬೇಕು. ಜೊತೆಗೆ ಪ್ರತಿ ಸ್ವರಕ್ಕೂ ನಾಲಿಗೆಯನ್ನು ರೀಡ್‌ಗೆ ತಟ್ಟುವ ಬ್ಯಾಂಡ್ ಅಭ್ಯಾಸ ಬಿಡಬೇಕು. ಇಡೀ ಸಂಗತಿ, ಅಂದರೆ ಸಾಲಿನ ಒಂದು ಸುತ್ತು, ಒಂದೇ ಉಸಿರಿನಲ್ಲಿ ಹರಿಯಬೇಕು. ಗೋಪಾಲನಾಥರು ಇದಕ್ಕಾಗಿ ವಾದ್ಯದ ಪ್ಯಾಡ್‌ಗಳನ್ನೂ ತಮಗೆ ಬೇಕಾದಂತೆ ಮಾರ್ಪಡಿಸಿಕೊಂಡಿದ್ದರು.

ಇನ್ನೊಂದು ತೊಡಕು ಶ್ರುತಿ, ಅಂದರೆ ಷಡ್ಜವನ್ನು (ಸ) ಎಲ್ಲಿ ಇಡಬೇಕು ಎನ್ನುವುದು. ಇದನ್ನು ಪುಸ್ತಕದಲ್ಲಿ ಯಾರೂ ಸರಿಯಾಗಿ ಹೇಳುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಆಲ್ಟೋ ಸ್ಯಾಕ್ಸೋಫೋನ್‌ನಲ್ಲಿ ಸಿ ಬೆರಳು ಹಿಡಿದರೆ ಕೇಳುವುದು ಇ ಫ್ಲಾಟ್, ಅಂದರೆ ನಮ್ಮ ಯಕ್ಷಗಾನದ ಭಾಗವತರ ಲೆಕ್ಕದಲ್ಲಿ ಕಪ್ಪು ಎರಡು (ಹಾರ್ಮೋನಿಯಂನ ಎರಡನೇ ಕಪ್ಪು ಮನೆ). ಕೆಳಗಿನ ಸಿಯನ್ನೇ ಷಡ್ಜ ಮಾಡಿಕೊಂಡರೆ ಅದರ ಕೆಳಗೆ ಎರಡು ನಿಷಾದ (ನಿ) ಬಿಟ್ಟು ಬೇರೇನೂ ಉಳಿಯುವುದಿಲ್ಲ. ಮಂದ್ರ (ಕೆಳಗಿನ ಸ್ಥಾಯಿಯ) ಪಂಚಮಕ್ಕೆ ಇಳಿಯಲಾಗದೆ ಆಲಾಪನೆ ಮಾಡುವುದು ಹೇಗೆ? ಜಿ ಬೆರಳನ್ನು ಷಡ್ಜ ಮಾಡಿದರೆ ಮಂದ್ರದಲ್ಲಿ ಮಧ್ಯಮವನ್ನೂ ದಾಟಿ ಇಳಿಯಬಹುದು, ತಾರದಲ್ಲಿ (ಮೇಲಿನ ಸ್ಥಾಯಿಯಲ್ಲಿ) ಕೈಶಿಕಿ ನಿಷಾದದವರೆಗೆ, ಅಂದರೆ ಎರಡು ನಿಷಾದಗಳಲ್ಲಿ ಕೆಳಗಿನದರವರೆಗೆ, ಏರಬಹುದು. ಆಗ ಶ್ರುತಿ ಕಪ್ಪು ಐದು. ಶ್ರುತಿಪೆಟ್ಟಿಗೆ ಅದಕ್ಕೆ ತಕ್ಕಂತೆ ಇಡಿ. ಹೊಸಬರಿಗೆ ಒಂದು ಸಮಾಧಾನ ಏನೆಂದರೆ, ಹೆಬ್ಬೆರಳ ಆಕ್ಟೇವ್ ಕೀ ಒತ್ತಿದರೆ ಅದೇ ಬೆರಳಿಗೆ ಮೇಲಿನ ಸ್ಥಾಯಿ ಸಿಗುತ್ತದೆ. ಕ್ಲಾರಿನೆಟ್‌ನವರಿಗೆ ಈ ಅನುಕೂಲ ಇಲ್ಲ. ಅಲ್ಲಿ ಸ್ವರ ಒಂದು ಸ್ಥಾಯಿಯ ಮೇಲೆ ಇನ್ನೊಂದು ಪಂಚಮದಷ್ಟು ಹಾರುತ್ತದೆ, ಬೆರಳು ಬೇರೆಯೇ ಕಲಿಯಬೇಕು.

ಮತ್ತೆ ಬದುಕಿನ ಕಡೆ ಬರೋಣ. ಮದ್ರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರ ಮಾರ್ಗದರ್ಶನ ಸಿಕ್ಕಿತು. ನನ್ನ ಲೆಕ್ಕದಲ್ಲಿ ಇದೇ ದೊಡ್ಡ ತಿರುವು. ಟಿವಿಜಿ ಗಾಯಕರೂ ಹೌದು, ಮೃದಂಗ ವಿದ್ವಾಂಸರೂ ಹೌದು. ಗೋಪಾಲನಾಥರ ಧ್ವನಿಮುದ್ರಣ ಕೇಳುವಾಗ ಒಂದು ವಿಷಯ ಗಮನಿಸಿ. ಕೃತಿಯಲ್ಲಿ ಸಾಹಿತ್ಯದ ಪದ ಮುರಿಯುವ ಕಡೆಯಲ್ಲೇ ಅವರ ಉಸಿರೂ ಮುರಿಯುತ್ತದೆ. ಬಾಯಲ್ಲಿ ಹಾಡಿಕೊಳ್ಳದವರಿಗೆ ಅದು ಸಾಧ್ಯವಿಲ್ಲ.

1980ರಲ್ಲಿ ಬೊಂಬಾಯಿಯ ಜಾಜ್ ಉತ್ಸವದಲ್ಲಿ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ ಜೊತೆ ವೇದಿಕೆ ಹಂಚಿಕೊಂಡರು. ಹ್ಯಾಂಡಿ ಅದಕ್ಕೂ ಮೊದಲೇ ಅಲಿ ಅಕ್ಬರ್ ಖಾನ್ ಜೊತೆ ಕೆಲಸ ಮಾಡಿದವರು, ರಾಗ ಅವರಿಗೆ ಹೊಸತಲ್ಲ. ಅಲ್ಲಿಂದ ಮುಂದೆ ಪ್ರಾಗ್, ಬರ್ಲಿನ್ ಎಲ್ಲ ಆಯಿತು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವ. ಅದೇ ವರ್ಷ ಕೆ. ಬಾಲಚಂದರ್ ಅವರ ‘ಡ್ಯುಯೆಟ್’ ಚಿತ್ರಕ್ಕೆ ಎ.ಆರ್. ರೆಹಮಾನ್ ಸಂಗೀತದಲ್ಲಿ ನುಡಿಸಿದರು. ಕಛೇರಿಗೆ ಕಾಲಿಡದವರಿಗೂ ಅವರ ನಾದದ ಗುರುತು ಸಿಕ್ಕಿದ್ದು ಆಗ. ಕೊಳಲಿನ ಜೇಮ್ಸ್ ನ್ಯೂಟನ್, ಸ್ಯಾಕ್ಸೋಫೋನ್‌ನ ರುದ್ರೇಶ್ ಮಹಂತಪ್ಪ ಜೊತೆಗಿನ ಆಲ್ಬಮ್‌ಗಳೂ ಇವೆ. ಜುಗಲ್‌ಬಂದಿ ಕೇಳುವ ಮೊದಲು ವಿದುಷಿ ಎ. ಕನ್ಯಾಕುಮಾರಿಯವರ ಪಿಟೀಲು ಇರುವ ಕಛೇರಿಗಳನ್ನೇ ಕೇಳಿ ಅಂತ ನನ್ನ ಸಲಹೆ. ಗಮಕ ಎಷ್ಟು ಸರಿ ಬಿದ್ದಿದೆ ಎಂದು ಅಳೆಯಲು ಪಕ್ಕದಲ್ಲಿ ಪಿಟೀಲು ಇದ್ದರೆ ಜಾಸ್ತಿ ಅನುಕೂಲ. 2004ರಲ್ಲಿ ಪದ್ಮಶ್ರೀ ಬಂತು. 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ತೀರಿಕೊಂಡರು. ಮಗ ಮಣಿಕಾಂತ್ ಕದ್ರಿ ಸಿನಿಮಾ ಸಂಗೀತ ನಿರ್ದೇಶಕರು.

ಇವತ್ತು ದಕ್ಷಿಣ ಕನ್ನಡ, ಉಡುಪಿಯ ಮದುವೆ ಹಾಲ್ ಇರಲಿ, ದೇವಸ್ಥಾನದ ಉತ್ಸವ ಇರಲಿ, ಡೋಲಿನ ಜೊತೆ ಸ್ಯಾಕ್ಸೋಫೋನ್ ಇದ್ದೇ ಇರುತ್ತದೆ. ಊಟದ ಹೊತ್ತಿನ ಸಿನಿಮಾ ಹಾಡು ಬಿಡಿ. ಧಾರೆಗೆ ಮೊದಲು ಅವರು ನುಡಿಸುವ ಕೃತಿಯನ್ನು ಹತ್ತಿರ ನಿಂತು ಕೇಳಿ, ಕೆಳತುಟಿ ನೋಡಿ. ಕ್ಲಾಸಿನಲ್ಲಿ ಸಿಗದ ಪಾಠ ಅಲ್ಲಿ ಪುಕ್ಕಟೆ ಸಿಗುತ್ತದೆ.

ಅಭ್ಯಾಸಕ್ಕೆ ಕಲ್ಯಾಣವಸಂತ ರಾಗ ತೆಗೆದುಕೊಳ್ಳಿ, ಕೀರವಾಣಿಯ ಜನ್ಯ (ಅದರಿಂದ ಹುಟ್ಟಿದ ರಾಗ). ಆರೋಹಣ ಸ ಗ ಮ ದ ನಿ ಸ, ಅವರೋಹಣ ಸ ನಿ ದ ಪ ಮ ಗ ರಿ ಸ. ಜಿ ಷಡ್ಜವಾದರೆ ಬೆರಳು ಹೀಗೆ: ಜಿ, ಬಿ ಫ್ಲಾಟ್, ಸಿ, ಇ ಫ್ಲಾಟ್, ಎಫ್ ಶಾರ್ಪ್, ಜಿ. ಇಳಿಯುವಾಗ ಡಿ ಮತ್ತು ಎ ಸೇರುತ್ತವೆ. ಧೈವತದಿಂದ (ದ) ಕಾಕಲಿ ನಿಷಾದಕ್ಕೆ, ಅಂದರೆ ಮೇಲಿನ ನಿಷಾದಕ್ಕೆ, ದೂರ ಜಾಸ್ತಿ, ಅಲ್ಲೇ ಎಲ್ಲರ ಶ್ರುತಿ ತಪ್ಪುವುದು. ಆ ಎರಡು ಸ್ವರಗಳನ್ನು ಮೊದಲು ಬಾಯಲ್ಲಿ ಹಾಡಿ, ಆಮೇಲೆ ಒಂದನೇ ಕಾಲದಲ್ಲಿ ನಿಧಾನ ಊದಿ ನೋಡಿ.