ಕೊಟ್ಟೋನೇ ಈರಭದ್ರ: ಡಲ್ಲಾಸ್ ಕೌಬಾಯ್ಸ್ ಮಾಡಿದ ಅದಲು ಬದಲಿನ ಲೆಕ್ಕ

ನನ್ನ ಜೊತೆ ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ಮೊದಲ ವಾರವೇ ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ತಂಡ ಈ ಸೀಸನ್‌ನಲ್ಲಿ ಐದು ಪಂದ್ಯ ಆಡಿದೆ, ಐದೂ ಸೋತಿದೆ. ತಂಡದಲ್ಲಿ ಹೇಳಿಕೊಳ್ಳುವಂಥ ಆಟಗಾರ ಒಬ್ಬನೇ. ಬೇರೆ ತಂಡವೊಂದು ಅವನನ್ನು ಕೇಳುತ್ತಿದೆ, ಬದಲಿಗೆ ಐದು ಜನ ಸಾಧಾರಣ ಆಟಗಾರರನ್ನು ಕೊಡುತ್ತದೆಯಂತೆ. ಕೊಡ್ತೀರಾ?

ಹೆಚ್ಚಿನವರು "ಕೊಡಲ್ಲ ಸಾರ್" ಅನ್ನುತ್ತಾರೆ. ಆಗ ಆ ಒಪ್ಪಂದದ ಷರತ್ತನ್ನು ಅವರ ಮುಂದೆ ಇಡುತ್ತೇನೆ. ಹತ್ತು ನಿಮಿಷ ಯಾರೂ ಮಾತಾಡುವುದಿಲ್ಲ.

ಕಂಪನಿಗಳನ್ನು ಕೊಳ್ಳುವ, ಮಾರುವ ಒಪ್ಪಂದಗಳಲ್ಲಿ ಬೆಲೆ ಮತ್ತು ಷರತ್ತು ನೋಡುವುದು ನನ್ನ ಕಸುಬು. ಡಲ್ಲಾಸ್ ಪಕ್ಕದ ಊರಿನಲ್ಲಿದ್ದೇನೆ. ಇಲ್ಲಿ ಫುಟ್‌ಬಾಲ್ ಅಂದರೆ ಕಾಲಲ್ಲಿ ಒದೆಯುವ ಆಟ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು, ಎದುರು ಬಂದವರನ್ನು ಗುದ್ದಿಕೊಂಡು ಓಡುವ ಆಟ. ಬಂದ ಹೊಸದರಲ್ಲಿ ನನಗೆ ತಲೆಬುಡ ಗೊತ್ತಾಗುತ್ತಿರಲಿಲ್ಲ. ಆಟಕ್ಕಿಂತ ಮೊದಲು ನನಗೆ ರುಚಿ ಹತ್ತಿದ್ದು ಅದರ ವ್ಯಾಪಾರ.

ಐಪಿಎಲ್ ನೋಡಿದವರಿಗೆ ಹರಾಜು ಗೊತ್ತು. ಹಣ ಇಟ್ಟವರಿಗೆ ಆಟಗಾರ ಸಿಗುತ್ತಾನೆ. ಇಲ್ಲಿನ ಫುಟ್‌ಬಾಲ್ ಲೀಗ್ ಎನ್ಎಫ್ಎಲ್‌ನಲ್ಲಿ ಕಾಲೇಜು ಮುಗಿಸಿ ಬರುವ ಹುಡುಗರಿಗೆ ಹರಾಜಿಲ್ಲ, ಸರದಿ ಇದೆ. ಇದಕ್ಕೆ ಡ್ರಾಫ್ಟ್ ಅನ್ನುತ್ತಾರೆ. ಹಿಂದಿನ ವರ್ಷ ಎಲ್ಲರಿಗಿಂತ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಸರದಿ, ಕಪ್ ಗೆದ್ದವರಿಗೆ ಕೊನೆಯದು. ಹೀಗೆ ಸುತ್ತಿನ ಮೇಲೆ ಸುತ್ತು. ಈ ಒಂದೊಂದು ಸರದಿಯೂ ಒಂದು ಪಿಕ್. ಪಿಕ್ ಅನ್ನು ಇಟ್ಟುಕೊಳ್ಳಬಹುದು, ಬೇರೆ ತಂಡಕ್ಕೆ ಕೊಡಬಹುದು. ಇನ್ನೂ ಬಾರದ ವರ್ಷದ ಪಿಕ್ ಕೂಡ ಕೊಡಬಹುದು. ಹಾಗಾಗಿ ಇಲ್ಲಿ ಆಟಗಾರರ ಅದಲು ಬದಲು ಹಣದಲ್ಲಲ್ಲ, ಸರದಿಗಳಲ್ಲಿ ನಡೆಯುತ್ತದೆ.

ಈಗ 1989ಕ್ಕೆ ಬನ್ನಿ. ಆ ವರ್ಷ ಜೆರ್ರಿ ಜೋನ್ಸ್ ಅನ್ನುವ ಎಣ್ಣೆ ವ್ಯಾಪಾರಿ ಸುಮಾರು 14 ಕೋಟಿ ಡಾಲರಿಗೆ ಕೌಬಾಯ್ಸ್ ತಂಡ ಕೊಂಡರು. ತಂಡ ಹುಟ್ಟಿದಾಗಿನಿಂದ ಕೋಚ್ ಆಗಿದ್ದ ಟಾಮ್ ಲ್ಯಾಂಡ್ರಿಯನ್ನು ಮನೆಗೆ ಕಳಿಸಿದರು. ಆ ಜಾಗಕ್ಕೆ ಕಾಲೇಜಿನಲ್ಲಿ ತಮ್ಮ ಜೊತೆ ಆಡಿದ್ದ ಜಿಮ್ಮಿ ಜಾನ್ಸನ್‌ರನ್ನು ತಂದರು. ಊರಿಗೆ ಊರೇ ಬೈಯಿತು. ಬೈದದ್ದಕ್ಕೆ ಕಾರಣವೂ ಇತ್ತು ಅನ್ನಿ, ಆ ಸೀಸನ್‌ನಲ್ಲಿ ತಂಡ 16ರಲ್ಲಿ 15 ಪಂದ್ಯ ಸೋತಿತು.

ಇದ್ದ ಒಬ್ಬ ಒಳ್ಳೆಯ ಆಟಗಾರ ಹರ್ಶೆಲ್ ವಾಕರ್, ರನ್ನಿಂಗ್ ಬ್ಯಾಕ್. ಅಂದರೆ ಚೆಂಡು ಹಿಡಿದು ಓಡುವವರು. 1988ರಲ್ಲಿ 1,514 ಗಜ ಓಡಿದ್ದರು. ಮಿನ್ನೆಸೋಟ ವೈಕಿಂಗ್ಸ್ ತಂಡದ ಮ್ಯಾನೇಜರ್ ಮೈಕ್ ಲಿನ್ ಅವರಿಗೆ ತಮ್ಮ ತಂಡ ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್, ಗೆಲ್ಲಲು ಇಂಥ ಒಬ್ಬರೇ ಕಡಿಮೆ ಅನ್ನಿಸಿತ್ತು. "ಇದೊಂದು ಸಿಕ್ಕರೆ ಎಲ್ಲ ಸರಿಯಾಗುತ್ತೆ" ಅನ್ನುವ ಕೊಳ್ಳುವವರನ್ನು ನಾನು ವರ್ಷಕ್ಕೆ ನಾಲ್ಕು ಸಲ ನೋಡುತ್ತೇನೆ. ಅವರ ಮುಂದೆ ಮಾರುವವರು ಜಾಸ್ತಿ ಮಾತಾಡಬಾರದು, ಸುಮ್ನೆ ಕೂತರೆ ಸಾಕು.

1989ರ ಅಕ್ಟೋಬರ್ 12ರಂದು ಅದಲು ಬದಲು ನಡೆಯಿತು. ವಾಕರ್ ಮಿನ್ನೆಸೋಟಕ್ಕೆ. ಡಲ್ಲಾಸ್‌ಗೆ ಐದು ಆಟಗಾರರು, ಜೊತೆಗೆ ಕೆಲವು ಪಿಕ್. ಆಟಗಾರರು, ಪಿಕ್ ಎಲ್ಲ ಸೇರಿ ಕೊನೆಗೆ ಎಣಿಕೆ 18ಕ್ಕೆ ಬಂತು. ಲೀಗಿನ ಇತಿಹಾಸದಲ್ಲಿ ಅಷ್ಟು ದೊಡ್ಡ ವಿನಿಮಯ ಅದಕ್ಕೆ ಮೊದಲು ಆಗಿರಲಿಲ್ಲ.

ಷರತ್ತು ಏನಿತ್ತು ಗೊತ್ತಾ? ಬಂದ ಆಟಗಾರರ ಹೆಸರಿನ ಜೊತೆ ಮುಂದಿನ ವರ್ಷಗಳ ಪಿಕ್‌ಗಳನ್ನು ಗಂಟು ಹಾಕಿದ್ದರು. 1990ರ ಫೆಬ್ರವರಿ 1ರೊಳಗೆ ಡಲ್ಲಾಸ್ ಆ ಆಟಗಾರನನ್ನು ಕೈಬಿಟ್ಟರೆ ಅವನ ಹೆಸರಿನ ಪಿಕ್ ಡಲ್ಲಾಸ್‌ಗೆ ಸಿಗುತ್ತದೆ. ಇಟ್ಟುಕೊಂಡರೆ ಪಿಕ್ ಇಲ್ಲ. 1991ರ ಮೊದಲ ಮತ್ತು ಎರಡನೇ ಸುತ್ತು, 1992ರ ಮೊದಲ ಮೂರು ಸುತ್ತು, ಎಲ್ಲ ಈ ಗಂಟಿನೊಳಗೇ ಇದ್ದವು.

ಲಿನ್ ಅವರ ಲೆಕ್ಕ ತೀರಾ ದಡ್ಡ ಲೆಕ್ಕವೇನಲ್ಲ. ಐದೂ ಪಂದ್ಯ ಸೋತ ತಂಡಕ್ಕೆ ಆಡುವವರೇ ಇಲ್ಲ, ಬಂದವರಲ್ಲಿ ಮೂರ್ನಾಲ್ಕು ಜನರನ್ನಾದರೂ ಇಟ್ಟುಕೊಳ್ಳುತ್ತಾರೆ, ಪಿಕ್‌ಗಳು ನಮ್ಮಲ್ಲೇ ಉಳಿಯುತ್ತವೆ ಅಂತ. ಅವರು ಎಡವಿದ್ದು ಒಂದೇ ಕಡೆ. ಹಸಿದವನು ಸಿಕ್ಕಿದ್ದನ್ನು ತಿನ್ನುತ್ತಾನೆ ಅಂದುಕೊಂಡರು. ಜಾನ್ಸನ್ ಮೊದಲ ದಿನದಿಂದಲೂ ಕಣ್ಣಿಟ್ಟದ್ದು ಪಿಕ್‌ಗಳ ಮೇಲೆ. ಆಟಗಾರರು ಅವರಿಗೆ ಪಿಕ್ ಸುತ್ತಿ ತಂದ ಕಾಗದ, ಅಷ್ಟೆ. ಅವರನ್ನು ಜಾಸ್ತಿ ಆಡಿಸಬೇಡಿ ಅಂತ ಸಹಾಯಕ ಕೋಚ್‌ಗಳಿಗೂ ಹೇಳಿದ್ದರು. ಆಡಿಸಿದರೆ ಬೇಕು ಅನ್ನಿಸುತ್ತದೆ, ಬೇಕು ಅನ್ನಿಸಿದರೆ ಪಿಕ್ ಹೋಗುತ್ತದೆ.

ಸೀಸನ್ ಮುಗಿಯುವ ಹೊತ್ತಿಗೆ ಜಾನ್ಸನ್ "ಎಲ್ಲರನ್ನೂ ಕೈಬಿಡುತ್ತೇನೆ" ಅಂದರು. ವೈಕಿಂಗ್ಸ್ ಗಾಬರಿಯಾಯಿತು. ಆಟಗಾರರೂ ಹೋಗಿ ಪಿಕ್‌ಗಳೂ ಹೋದರೆ ಏನು ಉಳಿಯಿತು? ಕೊನೆಗೆ ರಾಜಿಯಾಯಿತು. ಡಲ್ಲಾಸ್ ಕೆಲವು ಕೆಳಗಿನ ಪಿಕ್ ವಾಪಸ್ ಕೊಟ್ಟಿತು. ಬದಲಿಗೆ ಮೂವರು ಆಟಗಾರರನ್ನೂ ಉಳಿಸಿಕೊಂಡಿತು, ದೊಡ್ಡ ಪಿಕ್‌ಗಳನ್ನೂ ಜೇಬಿಗೆ ಹಾಕಿಕೊಂಡಿತು.

ಈ ಷರತ್ತನ್ನು ಮೊದಲ ಸಲ ಓದಿದಾಗ ನನಗೆ ಹೊಟ್ಟೆಯಲ್ಲಿ ಸಂಕಟ ಆಯಿತು. ಯಾಕೆಂದರೆ ನಾನೂ ಒಮ್ಮೆ ಮೈಕ್ ಲಿನ್ ಆಗಿದ್ದೆ. ನಮ್ಮ ಕಡೆಯವರು ಒಂದು ಸಣ್ಣ ಘಟಕ ಮಾರುತ್ತಿದ್ದರು. ಬೆಲೆಯ ಒಂದು ಪಾಲು ಆಮೇಲೆ ಬರಬೇಕಿತ್ತು, ಕೊಂಡವರು ಅಲ್ಲಿನ ಹಳೆಯ ಉತ್ಪನ್ನವೊಂದನ್ನು ಒಂದು ವರ್ಷ ಮುಂದುವರಿಸಿದರೆ. ಲಾಭ ಬರುವ ಮಾಲು, ಯಾರು ನಿಲ್ಲಿಸುತ್ತಾರೆ? ಹಾಗಂತ ಷರತ್ತನ್ನು ನಾನೇ ಒಪ್ಪಿದೆ. ಹತ್ತನೇ ತಿಂಗಳಲ್ಲಿ ಅವರು ನಿಲ್ಲಿಸಿದರು. ಅವರಿಗೆ ಬೇಕಿದ್ದದ್ದು ಆ ಘಟಕದ ಜಾಗ ಮತ್ತು ಎಂಜಿನಿಯರುಗಳು. ಬರಬೇಕಿದ್ದ ಪಾಲು ಬರಲಿಲ್ಲ. ಅವರು ಮೋಸವೇನೂ ಮಾಡಲಿಲ್ಲ, ನಾನು ಬರೆದದ್ದನ್ನೇ ಓದಿದರು. ಅಂದಿನಿಂದ "ಹೀಗಾದರೆ ಹಾಗೆ" ಅನ್ನುವ ಸಾಲು ಕಂಡರೆ, ಎದುರಿನವನ ಕುರ್ಚಿಯಲ್ಲಿ ಕೂತು ಒಂದು ಸಲ ಓದುತ್ತೇನೆ.

ಡಲ್ಲಾಸ್ ಈ ಪಿಕ್‌ಗಳಿಂದ ಮಾಡಿದ್ದೇನು? ಇಲ್ಲಿ ಹೆಚ್ಚಿನವರು ಮರೆಯುವ ಒಂದು ವಿಷಯ ಇದೆ. 15 ಪಂದ್ಯ ಸೋತ ತಂಡಕ್ಕೆ 1990ರಲ್ಲಿ ಮೊಟ್ಟಮೊದಲ ಸರದಿ ಬರಬೇಕಿತ್ತು, ಬರಲಿಲ್ಲ. 1989ರಲ್ಲೇ ಪೂರಕ ಡ್ರಾಫ್ಟ್‌ನಲ್ಲಿ, ಅಂದರೆ ಮುಖ್ಯ ಡ್ರಾಫ್ಟ್ ಆದ ಮೇಲೆ ನಡೆಯುವ ಸಣ್ಣ ಡ್ರಾಫ್ಟ್‌ನಲ್ಲಿ, ಸ್ಟೀವ್ ವಾಲ್ಶ್ ಅನ್ನುವ ಕ್ವಾರ್ಟರ್‌ಬ್ಯಾಕ್‌ಗಾಗಿ (ಚೆಂಡು ಎಸೆದು ಆಟ ನಡೆಸುವವರು) ಆ ಸರದಿಯನ್ನು ಜಾನ್ಸನ್ ಖರ್ಚು ಮಾಡಿಬಿಟ್ಟಿದ್ದರು. ಟ್ರಾಯ್ ಐಕ್‌ಮನ್ ಅನ್ನುವ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಆಗಲೇ ತಂಡದಲ್ಲಿದ್ದರೂ! ನನ್ನ ಮಟ್ಟಿಗೆ ಅದು ಶುದ್ಧ ದುಂದು. ಮುಂದಿನ ವರ್ಷ ವಾಲ್ಶ್‌ರನ್ನು ನ್ಯೂ ಆರ್ಲಿಯನ್ಸ್‌ಗೆ ಕೊಟ್ಟು ಕೆಲವು ಪಿಕ್ ವಾಪಸ್ ತಂದರು ಅನ್ನುವುದು ಬೇರೆ ಮಾತು. ಆದರೆ 1990ರ ಮೊದಲ ಸುತ್ತಿನಲ್ಲಿ ಡಲ್ಲಾಸ್ ಕೈಯಲ್ಲಿದ್ದದ್ದು ವೈಕಿಂಗ್ಸ್ ಕೊಟ್ಟ 21ನೇ ಸರದಿ ಮಾತ್ರ.

ಆ 21ನ್ನೂ, ಮೂರನೇ ಸುತ್ತಿನ ಒಂದು ಪಿಕ್ಕನ್ನೂ ಪಿಟ್ಸ್‌ಬರ್ಗ್‌ಗೆ ಕೊಟ್ಟು 17ಕ್ಕೆ ಹತ್ತಿದರು. 17ರಲ್ಲಿ ಸಿಕ್ಕಿದವರು ಎಮಿಟ್ ಸ್ಮಿತ್. ನಿವೃತ್ತರಾಗುವಾಗ ಅವರು ಓಡಿದ್ದು 18,355 ಗಜ. ಲೀಗಿನಲ್ಲಿ ಅದನ್ನು ಇವತ್ತಿಗೂ ಯಾರೂ ಮುರಿದಿಲ್ಲ. ಅಂದರೆ ಓಡುವವರೊಬ್ಬರನ್ನು ಕೊಟ್ಟು, ಅವರಿಗಿಂತ ದೊಡ್ಡ ಓಟಗಾರರನ್ನು ತಂದರು. ಉಳಿದದ್ದೆಲ್ಲ ಮೇಲಿನ ಲಾಭ.

ಆ ಮೇಲಿನ ಲಾಭವೂ ಸಣ್ಣದಲ್ಲ. 1991ರಲ್ಲಿ ವೈಕಿಂಗ್ಸ್‌ನ 11ನೇ ಸರದಿಯ ಜೊತೆ ಇನ್ನಷ್ಟು ಸೇರಿಸಿ ನ್ಯೂ ಇಂಗ್ಲೆಂಡ್‌ನಿಂದ ಮೊದಲ ಸರದಿ ತಂದು ರಸೆಲ್ ಮೇರಿಲ್ಯಾಂಡ್‌ರನ್ನು ತೆಗೆದುಕೊಂಡರು. ಆ ಸೇರಿಸಿದ್ದರಲ್ಲಿ, ವೈಕಿಂಗ್ಸ್‌ನಿಂದ ಬಂದ ಐವರಲ್ಲಿ ಒಬ್ಬರಾದ ಡೇವಿಡ್ ಹೋವರ್ಡ್ ಕೂಡ ಇದ್ದರು! 1992ರಲ್ಲಿ ಡ್ಯಾರೆನ್ ವುಡ್ಸನ್ ಬಂದರು. ತಂಡದ ಇತಿಹಾಸದಲ್ಲಿ ಅತಿ ಹೆಚ್ಚು ಟ್ಯಾಕಲ್, ಅಂದರೆ ಚೆಂಡು ಹಿಡಿದವರನ್ನು ಕೆಡವಿದ್ದು, ಅವರದೇ. 1992, 1993, 1995ರ ಸೀಸನ್‌ಗಳಲ್ಲಿ ಕೌಬಾಯ್ಸ್ ಸೂಪರ್ ಬೌಲ್ ಗೆದ್ದಿತು.

ವಾಕರ್ ಕೆಟ್ಟು ಹೋದರಾ? ಇಲ್ಲ. ಮಿನ್ನೆಸೋಟದಲ್ಲಿ ಮೊದಲ ಪಂದ್ಯದಲ್ಲೇ 148 ಗಜ ಓಡಿದರು. ಆದರೆ ಅವರನ್ನು ಹೇಗೆ ಬಳಸಬೇಕು ಅಂತ ಆ ತಂಡಕ್ಕೆ ತಿಳಿಯಲಿಲ್ಲ. ಅಲ್ಲಿ ಒಂದು ಸೀಸನ್‌ನಲ್ಲೂ ಸಾವಿರ ಗಜ ಆಗಲಿಲ್ಲ. ಫಿಲಡೆಲ್ಫಿಯಾಕ್ಕೆ ಹೋದ ಮೊದಲ ವರ್ಷವೇ ಸಾವಿರ ದಾಟಿದರು. 1989ರಲ್ಲಿ ವೈಕಿಂಗ್ಸ್ ಪ್ಲೇ ಆಫ್‌ಗೇನೋ ಹೋಯಿತು, ಅಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕೈಯಲ್ಲಿ 41-13ರಿಂದ ಸೋತಿತು. ಮುಂದಿನ ವರ್ಷ 16ರಲ್ಲಿ 10 ಪಂದ್ಯ ಕಳೆದುಕೊಂಡಿತು. ತಂಡ ಸೋತಷ್ಟೂ ಡಲ್ಲಾಸ್‌ಗೆ ಕೊಟ್ಟ ಪಿಕ್ ಮೇಲಕ್ಕೆ ಹತ್ತುತ್ತಾ ಹೋಯಿತು.

ಈ ಕೊನೆಯ ಮಾತನ್ನು ಕೌಬಾಯ್ಸ್ 15 ವರ್ಷ ಮೊದಲೇ ಅರ್ಥ ಮಾಡಿಕೊಂಡಿತ್ತು. ಜಾನ್ಸನ್‌ರನ್ನು ಹೊಗಳುವವರು ಹಳೆಯ ಮ್ಯಾನೇಜರ್ ಟೆಕ್ಸ್ ಶ್ರಾಮ್‌ರನ್ನು ನೆನೆಸುವುದಿಲ್ಲ, ಅದು ನನಗೆ ಬೇಜಾರು. ಶ್ರಾಮ್ ಕಾಲದಲ್ಲಿ ಡಲ್ಲಾಸ್ ಮಾಡಿದ್ದು ಸರಳ ಉಪಾಯ. ತನಗೆ ಹೆಚ್ಚಾದ ಆಟಗಾರರನ್ನು ಸೋಲುವ ತಂಡಗಳಿಗೆ ಕೊಟ್ಟು, ಅವರ ಮುಂದಿನ ವರ್ಷದ ಪಿಕ್ ಕೇಳುವುದು. ಸೋಲುವ ತಂಡ ಯಾವತ್ತೂ "ಮುಂದಿನ ವರ್ಷ ನಾವು ಸುಧಾರಿಸುತ್ತೇವೆ" ಅಂದುಕೊಂಡಿರುತ್ತದೆ. ಹಾಗಾಗಿ ನಾಳೆಯ ಪಿಕ್ಕನ್ನು ಅಗ್ಗಕ್ಕೆ ಬಿಡುತ್ತದೆ.

ಹ್ಯೂಸ್ಟನ್ ಆಯಿಲರ್ಸ್ ಹಾಗೇ ಬಿಟ್ಟಿತು. ಟೋಡಿ ಸ್ಮಿತ್ ಮತ್ತು ಬಿಲ್ಲಿ ಪಾರ್ಕ್ಸ್ ಅನ್ನುವ ಇಬ್ಬರನ್ನು ತೆಗೆದುಕೊಂಡು 1974ರ ಪಿಕ್‌ಗಳನ್ನು ಕೊಟ್ಟಿತು. 1973ರಲ್ಲಿ ಆ ತಂಡ 14ರಲ್ಲಿ ಗೆದ್ದದ್ದು ಒಂದೇ ಪಂದ್ಯ. ಪಿಕ್ ಮೊದಲ ಸರದಿಯಾಯಿತು. ಆರಡಿ ಒಂಬತ್ತು ಇಂಚಿನ ಎಡ್ ಜೋನ್ಸ್ ಡಲ್ಲಾಸ್‌ಗೆ ಬಂದರು. ಅದೇ ವಿನಿಮಯದ ಮೂರನೇ ಸುತ್ತಿನ ಪಿಕ್ ಡ್ಯಾನಿ ವೈಟ್ ಆಯಿತು, ಅವರು ಆಮೇಲೆ ವರ್ಷಗಟ್ಟಲೆ ತಂಡದ ಕ್ವಾರ್ಟರ್‌ಬ್ಯಾಕ್.

1974ರಲ್ಲಿ ಇನ್ನೊಂದು. ಕ್ರೇಗ್ ಮಾರ್ಟನ್ ಅನ್ನುವ ಕ್ವಾರ್ಟರ್‌ಬ್ಯಾಕ್ ರೋಜರ್ ಸ್ಟಾಬಾಕ್ ಹಿಂದೆ ಬೆಂಚಿನಲ್ಲಿ ಕೂತಿದ್ದರು. ನ್ಯೂಯಾರ್ಕ್ ಜೈಂಟ್ಸ್‌ಗೆ ಅವರನ್ನು ಕೊಟ್ಟು 1975ರ ಮೊದಲ ಸುತ್ತಿನ ಪಿಕ್ ತೆಗೆದುಕೊಂಡರು. ಜೈಂಟ್ಸ್ ಆ ವರ್ಷ 14ರಲ್ಲಿ 12 ಸೋತಿತು. ಪಿಕ್ ಎರಡನೇ ಸರದಿಯಾಗಿ ಬಂತು, ಡಲ್ಲಾಸ್ ರ್‍ಯಾಂಡಿ ವೈಟ್‌ರನ್ನು ಆರಿಸಿತು. ಮೂರು ವರ್ಷದ ನಂತರ, 1978ರ ಜನವರಿಯಲ್ಲಿ, ಡೆನ್ವರ್ ಎದುರು ಸೂಪರ್ ಬೌಲ್. ಡೆನ್ವರ್ ಕ್ವಾರ್ಟರ್‌ಬ್ಯಾಕ್ ಯಾರು? ಅದೇ ಮಾರ್ಟನ್. ಅವರ ನಾಲ್ಕು ಪಾಸ್‌ಗಳನ್ನು ಡಲ್ಲಾಸ್ ಕಸಿದುಕೊಂಡಿತು. 27-10ರ ಆ ಗೆಲುವಿನಲ್ಲಿ ಪಂದ್ಯಶ್ರೇಷ್ಠ ಪ್ರಶಸ್ತಿ ಹಂಚಿಕೊಂಡವರು ಹಾರ್ವಿ ಮಾರ್ಟಿನ್ ಮತ್ತು ರ್‍ಯಾಂಡಿ ವೈಟ್. ಕೊಟ್ಟ ಸರಕನ್ನು, ಅದಕ್ಕೆ ಪ್ರತಿಯಾಗಿ ಬಂದ ಸರಕೇ ಹೊಡೆದು ಹಾಕಿದ ಹಾಗೆ.

ಒಬ್ಬನನ್ನು ಕೊಟ್ಟು ಹಲವರನ್ನು ತರುವುದೇ ಯಾವಾಗಲೂ ಸರಿ ಅಂತಲ್ಲ. 1977ರಲ್ಲಿ ಡಲ್ಲಾಸ್ ಉಲ್ಟಾ ಮಾಡಿತು. ಸಿಯಾಟಲ್ ಸೀಹಾಕ್ಸ್ ಹುಟ್ಟಿ ಒಂದೇ ವರ್ಷ ಆಗಿತ್ತು, ತಂಡದ ತುಂಬ ತೂತುಗಳು. ಡಲ್ಲಾಸ್ ತನ್ನ ಕೈಯಲ್ಲಿದ್ದ ಮೊದಲ ಸುತ್ತಿನ 14ನೇ ಸರದಿ ಮತ್ತು ಎರಡನೇ ಸುತ್ತಿನ ಮೂರು ಪಿಕ್ ಕೊಟ್ಟು ಸಿಯಾಟಲ್‌ನ ಎರಡನೇ ಸರದಿ ಕೊಂಡಿತು. ಬಂದವರು ಟೋನಿ ಡಾರ್ಸೆಟ್, ವೃತ್ತಿಯಲ್ಲಿ 12,739 ಗಜ. ಮೊದಲ ವರ್ಷವೇ ಕಪ್, ನಾನು ಈಗಷ್ಟೇ ಹೇಳಿದ ಸೂಪರ್ ಬೌಲ್ ಅದೇ. ತುಂಬಿದ ಮನೆಗೆ ಬೇಕಾದದ್ದು ಒಂದು ವಸ್ತುವಾದರೆ ನಾಲ್ಕು ಕೊಟ್ಟಾದರೂ ತರಬೇಕು. ಖಾಲಿ ಮನೆಯಾದರೆ ಇದ್ದ ಒಂದು ಒಳ್ಳೆಯ ಕುರ್ಚಿ ಮಾರಿಯಾದರೂ ಪಾತ್ರೆ ಪಗಡೆ ತರಬೇಕು. ವೈಕಿಂಗ್ಸ್ ತನ್ನದು ತುಂಬಿದ ಮನೆ ಅಂದುಕೊಂಡಿತ್ತು.

1992ರಲ್ಲಿ ಎದುರಾಳಿ ಕ್ವಾರ್ಟರ್‌ಬ್ಯಾಕ್ ಮೇಲೆ ಎರಗುವ ಆಟಗಾರ ಚಾರ್ಲ್ಸ್ ಹೇಲಿ ಬಂದದ್ದು ಇನ್ನೊಂದು ಬಗೆ. ಸ್ಯಾನ್ ಫ್ರಾನ್ಸಿಸ್ಕೋಗೆ ಅವರ ಜೊತೆ ಹೊಂದಿಕೆಯಾಗದೆ ಸಾಕಾಗಿತ್ತು. ಎರಡನೇ, ಮೂರನೇ ಸುತ್ತಿನ ಪಿಕ್‌ಗೆ ಬಿಟ್ಟುಕೊಟ್ಟರು. ಹೇಗಾದರೂ ತೊಲಗಲಿ ಅನ್ನುವವರ ಹತ್ತಿರ ಬೆಲೆ ಅರ್ಧಕ್ಕೆ ಬರುತ್ತದೆ. ಅದೇ ಸೀಸನ್‌ನ ಸೆಮಿಫೈನಲ್‌ನಂಥ ಪಂದ್ಯದಲ್ಲಿ ಡಲ್ಲಾಸ್ ಸೋಲಿಸಿದ್ದು ಸ್ಯಾನ್ ಫ್ರಾನ್ಸಿಸ್ಕೋವನ್ನೇ, 30-20.

ಜಾನ್ಸನ್ ಇನ್ನೊಂದು ಸಾಮಾನು ಬಿಟ್ಟು ಹೋದರು, ಒಂದು ಕೋಷ್ಟಕ. 1991ರಲ್ಲಿ ಜೋನ್ಸ್‌ರ ಪಾಲುದಾರ ಮೈಕ್ ಮೆಕಾಯ್ ತಯಾರಿಸಿದ್ದು. ಮೊದಲ ಸರದಿಗೆ 3,000 ಅಂಕ, ಎರಡನೆಯದಕ್ಕೆ 2,600, 16ನೆಯದಕ್ಕೆ 1,000. ಎದುರಿನವರು ಫೋನ್ ಮಾಡಿದಾಗ ಕೂಡಿ ಕಳೆದು ಒಂದು ನಿಮಿಷದಲ್ಲಿ ಉತ್ತರ ಹೇಳಬಹುದು. ನಿಧಾನವಾಗಿ ಬೇರೆ ತಂಡಗಳೂ ಇದನ್ನೇ ಬಳಸತೊಡಗಿದವು. ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ ಅನ್ನುವ ಅರ್ಥಶಾಸ್ತ್ರಜ್ಞರು ಮುಂದೆ ಲೆಕ್ಕ ಹಾಕಿ, ತಂಡಗಳು ಮೇಲಿನ ಸರದಿಗಳಿಗೆ ಕೊಡುವ ಬೆಲೆ ಅತಿಯಾಯಿತು ಅಂದರು. ಎಲ್ಲರೂ ಒಂದೇ ತಕ್ಕಡಿ ಹಿಡಿದರೆ ತಕ್ಕಡಿಯ ತಪ್ಪೇ ಮಾರುಕಟ್ಟೆಯ ಬೆಲೆಯಾಗುತ್ತದೆ. ನನ್ನ ಕಸುಬಿನಲ್ಲೂ ಇಂಥ ಕೋಷ್ಟಕಗಳಿವೆ, ನಾನೂ ಬಳಸುತ್ತೇನೆ, ಅಳುಕುತ್ತಲೇ.

ಜಾನ್ಸನ್ 1994ರಲ್ಲಿ ಹೋದ ಮೇಲೆ ಡಲ್ಲಾಸ್ ತಾನೇ ವೈಕಿಂಗ್ಸ್ ಆಗಿದ್ದೂ ಉಂಟು. 2000ದಲ್ಲಿ ಜೋಯಿ ಗ್ಯಾಲೋವೇಗಾಗಿ ಸಿಯಾಟಲ್‌ಗೆ ಎರಡು ಮೊದಲ ಸುತ್ತಿನ ಪಿಕ್ ಕೊಟ್ಟಿತು. ಐಕ್‌ಮನ್‌ಗೆ ಒಬ್ಬ ಒಳ್ಳೆಯ ಕ್ಯಾಚರ್ ಸಿಕ್ಕರೆ ಸಾಕು, ಮತ್ತೆ ಕಪ್ ಅಂತ. ಮೊದಲ ಪಂದ್ಯದಲ್ಲೇ ಗ್ಯಾಲೋವೇ ಮಂಡಿ ಹೋಯಿತು. ಅದೇ ವರ್ಷ ಐಕ್‌ಮನ್ ಆಟವೂ ಮುಗಿಯಿತು. ಸಿಯಾಟಲ್ ಒಂದು ಪಿಕ್‌ನಲ್ಲಿ ಶಾನ್ ಅಲೆಕ್ಸಾಂಡರ್‌ರನ್ನು ತೆಗೆದುಕೊಂಡಿತು. ಅವರು 2005ರಲ್ಲಿ ಲೀಗಿನ ಶ್ರೇಷ್ಠ ಆಟಗಾರ.

2025ರ ಆಗಸ್ಟ್‌ನಲ್ಲಿ ಡಲ್ಲಾಸ್ ತನ್ನ ತಾರಾ ಆಟಗಾರ ಮೈಕಾ ಪಾರ್ಸನ್ಸ್‌ರನ್ನು ಗ್ರೀನ್ ಬೇ ತಂಡಕ್ಕೆ ಕೊಟ್ಟು ಎರಡು ಮೊದಲ ಸುತ್ತಿನ ಪಿಕ್ ಮತ್ತು ಕೆನ್ನಿ ಕ್ಲಾರ್ಕ್‌ರನ್ನು ತಂದಾಗ ಇಲ್ಲಿ ನಮ್ಮ ಆಫೀಸಿನಲ್ಲಿ "ಇದೂ ವಾಕರ್ ತರಹವೇ" ಅಂದವರಿದ್ದರು. ಹೇಗೆ ಆಗುತ್ತೆ? ಒಳ್ಳೆಯ ತಂಡಕ್ಕೆ ಇನ್ನೊಬ್ಬ ಒಳ್ಳೆಯ ಆಟಗಾರನನ್ನು ಕೊಟ್ಟರೆ ಆ ತಂಡ ಗೆಲ್ಲುವುದೇ ಜಾಸ್ತಿ, ಪಿಕ್ ಕೆಳಗೆ ಜಾರುತ್ತದೆ. ಜೊತೆಗೆ 1994ರಿಂದ ಸಂಬಳಕ್ಕೆ ಮಿತಿ ಇದೆ. ಇವತ್ತು ಐವರು ಆಟಗಾರರನ್ನು ಬರೀ ಸುತ್ತುವ ಕಾಗದದ ಹಾಗೆ ತಂದಿಡಲು ಆಗುವುದಿಲ್ಲ, ಅವರ ಸಂಬಳ ಲೆಕ್ಕಕ್ಕೆ ಹತ್ತುತ್ತದೆ.

ಅಂದ ಹಾಗೆ, 1996ರಲ್ಲಿ ಹರ್ಶೆಲ್ ವಾಕರ್ ಡಲ್ಲಾಸ್‌ಗೆ ವಾಪಸ್ ಬಂದರು. ಎರಡು ಸೀಸನ್ ಆಡಿ ಇಲ್ಲೇ ಆಟ ಮುಗಿಸಿದರು. ಹೆಚ್ಚಾಗಿ ಎದುರಾಳಿಯ ಕಿಕ್ ಹಿಡಿದು ಓಡುವ ಕೆಲಸ. ಮುಖ್ಯ ಓಟಗಾರರ ಜಾಗದಲ್ಲಿ ಎಮಿಟ್ ಸ್ಮಿತ್ ಇದ್ದರಲ್ಲ.