ಡ್ರಿಲ್ ಕೊಳ್ಳುವ ಮೊದಲು ಬ್ಯಾಟರಿ ವಿಚಾರಿಸಿ

ಪವರ್ ಟೂಲ್ ರಿಪೇರಿ ಮಾಡುವ ನಮ್ಮಂಥವರಿಗೆ ದಿನವೂ ಬೀಳುವ ಪ್ರಶ್ನೆ ಇದು: "ಅಣ್ಣ, ಕಾರ್ಡ್‌ಲೆಸ್ ಡ್ರಿಲ್ ತಗೋಬೇಕು, ಯಾವ ಕಂಪನಿದು ಒಳ್ಳೇದು?" ಬಾಷ್, ಮಕೀಟಾ, ಡಿವಾಲ್ಟ್ ಅಂತ ನಾಲ್ಕು ಹೆಸರು ಹೇಳಿ ಕಳಿಸಬಹುದು. ಆದರೆ ನಾನು ತಿರುಗಿ ಒಂದು ಮಾತು ಕೇಳುತ್ತೇನೆ. ಎರಡು ಮೂರು ವರ್ಷ ಬಿಟ್ಟು ಬ್ಯಾಟರಿ ಹೋದರೆ, ಅದೇ ಬ್ಯಾಟರಿ ತುಮಕೂರಲ್ಲಿ ಸಿಗುತ್ತಾ? ಹೋಗಲಿ, ಬೆಂಗಳೂರಲ್ಲಾದರೂ ಸಿಗುತ್ತಾ? ಇದಕ್ಕೆ ಅಂಗಡಿಯವರು ತಡವರಿಸಿದರೆ ಆ ಡ್ರಿಲ್ ಬೇಡ. ಅದು ಎಷ್ಟೇ ಚೆನ್ನಾಗಿ ತಿರುಗಲಿ.

ಯಾಕೆಂದರೆ ಡ್ರಿಲ್‌ನ ಒಳಗೆ ಕೆಡುವ ಬೇರೆ ಸಾಮಾನುಗಳು ಅಂಥ ದೊಡ್ಡ ತಲೆನೋವಲ್ಲ. ಕಾರ್ಬನ್ (ಮೋಟರ್‌ಗೆ ಕರೆಂಟ್ ಮುಟ್ಟಿಸುವ ಸಣ್ಣ ತುಂಡು) ಸವೆಯುತ್ತದೆ, ಬದಲಾಯಿಸಿದರೆ ಆಯಿತು. ಸ್ವಿಚ್ ಕೈಕೊಡುತ್ತದೆ, ಕೊರೆಯುವ ಬಿಟ್ ಹಿಡಿಯುವ ಚಕ್ ಲೂಸ್ ಆಗುತ್ತದೆ. ಸ್ಪೇರ್ ಸಿಕ್ಕರೆ ಎಲ್ಲವೂ ಸರಿಹೋಗುತ್ತವೆ. ಬ್ಯಾಟರಿ ಮಾತ್ರ ಬಳಸಿದರೂ ಹಳತಾಗುತ್ತದೆ, ಸುಮ್ನೆ ಇಟ್ಟರೂ ಹಳತಾಗುತ್ತದೆ. ಸಾಮಾನ್ಯವಾಗಿ ಒಂದು ಕಂಪನಿಯದು ಇನ್ನೊಂದಕ್ಕೆ ಕೂರುವುದಿಲ್ಲ. ಒಂದೇ ಕಂಪನಿಯ 12 ವೋಲ್ಟ್‌ನದು 18ಕ್ಕೆ ಕೂರುವುದಿಲ್ಲ. ಬಾಷ್‌ನಲ್ಲಂತೂ ನೀಲಿ ಬಣ್ಣದ್ದು ಕೆಲಸಗಾರರಿಗೆ, ಹಸಿರು ಬಣ್ಣದ್ದು ಮನೆ ಬಳಕೆಗೆ. ಎರಡೂ 18 ವೋಲ್ಟ್ ಆದರೂ ಬ್ಯಾಟರಿ ಅದಲುಬದಲು ಆಗುವುದಿಲ್ಲ. ಹಾಗಾಗಿ ನೀವು ಆರಿಸುವುದು ಡ್ರಿಲ್ ಅಲ್ಲ, ಬ್ಯಾಟರಿ. ಮುಂದೆ ಗ್ರೈಂಡರ್, ಸಣ್ಣ ಗರಗಸ ಬೇಕೆನಿಸಿದರೆ ಬ್ಯಾಟರಿ ಬಿಟ್ಟು ಬರೀ ಬಾಡಿ ಕೊಂಡರೆ ಸಾಕು, ದುಡ್ಡು ಉಳಿಯುತ್ತದೆ.

ಮಕೀಟಾ 2005ರಲ್ಲಿ ತಂದ 18 ವೋಲ್ಟ್ ಲಿಥಿಯಂ ಬ್ಯಾಟರಿಯ ಸಾಲು ಇವತ್ತಿಗೂ ಮಾರಾಟದಲ್ಲಿದೆ. ನಾನು ನಂಬಿಕೆ ಅನ್ನುವುದು ಇದಕ್ಕೆ. ಇನ್ನೊಂದು ವಿಷಯ: ಹಿಟಾಚಿ ಟೂಲ್ ಇಟ್ಟುಕೊಂಡವರು ಬ್ಯಾಟರಿ ಸಿಗುತ್ತಿಲ್ಲ ಎಂದು ಬರುತ್ತಾರೆ. ಆ ಬ್ರ್ಯಾಂಡ್ 2018ರಲ್ಲಿ ಹಿಕೋಕಿ ಆಯಿತು. ಆ ಹೆಸರಲ್ಲಿ ಕೇಳಿ ನೋಡಿ.

ಇನ್ನು ಡಬ್ಬದ ಮೇಲಿನ ವೋಲ್ಟ್. ಜನ ಜಾಸ್ತಿ ಮೋಸಹೋಗುವುದು ಇಲ್ಲೇ. ಮೊನ್ನೆ ಗುಬ್ಬಿ ಕಡೆಯ ಹುಡುಗನೊಬ್ಬ '48' ಎಂದು ದಪ್ಪಗೆ ಬರೆದಿದ್ದ ಡ್ರಿಲ್ ತಂದಿದ್ದ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿತ್ತು. ಮಲ್ಟಿಮೀಟರ್ ಇಟ್ಟರೆ 20 ಚಿಲ್ಲರೆ ತೋರಿಸಿತು. ಅವನ ಎದುರೇ ಸ್ಕ್ರೂ ಬಿಚ್ಚಿದೆ. ಒಳಗೆ ಐದೇ ಸೆಲ್. ಒಂದು ಸೆಲ್‌ಗೆ 3.6 ವೋಲ್ಟ್, ತುಂಬಿದಾಗ 4.2. ಐದನ್ನು ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೆ ಒಂದು ಜೋಡಿಸಿದರೆ 18, ತುಂಬಿದಾಗ 21. ಅಷ್ಟೇ. 48 ಬೇಕಾದರೆ ಹದಿಮೂರು ಹದಿನಾಲ್ಕು ಸೆಲ್ ಹಾಕಬೇಕು, ಆ ಪ್ಯಾಕ್‌ನಲ್ಲಿ ಅಷ್ಟು ಜಾಗವೇ ಇಲ್ಲ. "ಹಂಗಾದ್ರೆ 48 ಅಂದ್ರೆ ಏನಣ್ಣ?" ಅಂದ. ಏನೂ ಇಲ್ಲಪ್ಪ, ಬರೀ ಸ್ಟಿಕ್ಕರ್ ಅಂದೆ.

ಡಿವಾಲ್ಟ್‌ನ '20 ವೋಲ್ಟ್ ಮ್ಯಾಕ್ಸ್' ಕೂಡ ಐದು ಸೆಲ್‌ನದೇ, ಬೇರೆಯವರ 18ಕ್ಕೆ ಸಮ. ಅದು ಮೋಸವಲ್ಲ, ತುಂಬಿದಾಗಿನ ಲೆಕ್ಕ ಬರೆಯುತ್ತಾರೆ. 12 ವೋಲ್ಟ್ ಎಂದರೆ ಮೂರು ಸೆಲ್, ಲೆಕ್ಕಕ್ಕೆ 10.8. ಆಂಪ್ ಅವರ್ (ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎನ್ನುವ ಲೆಕ್ಕ) ನೋಡುವಾಗ ತೂಕವನ್ನೂ ನೋಡಿ. 18 ವೋಲ್ಟ್‌ನಲ್ಲಿ 2 ಆಂಪ್ ಅವರ್ ಪ್ಯಾಕ್‌ಗೆ ಸಾಮಾನ್ಯವಾಗಿ ಐದು ಸೆಲ್, 4 ಅಥವಾ 5 ಆದರೆ ಹತ್ತು. ಕೈಯಲ್ಲಿ ಹಿಡಿದರೆ ಹಗುರ, ಮೇಲೆ ಮಾತ್ರ 6 ಎಂದಿದ್ದರೆ ಆಸೆ ಪಡಬೇಡಿ. ಟಾರ್ಕ್‌ಗೂ, ಅಂದರೆ ತಿರುಗಿಸುವ ಬಲಕ್ಕೂ ಇದೇ ಮಾತು. ಸಾಫ್ಟ್ (ಮರದಂಥ ಮೆತ್ತನೆಯದಕ್ಕೆ), ಹಾರ್ಡ್ (ಲೋಹದಂಥ ಗಟ್ಟಿಯದಕ್ಕೆ) ಎಂದು ಎರಡು ಅಂಕಿ ಇರುತ್ತವೆ, ಡಬ್ಬದ ಮೇಲೆ ದೊಡ್ಡದನ್ನೇ ಹಾಕುತ್ತಾರೆ. ಒಳಗಿನ ಪುಸ್ತಕದಲ್ಲಿ ಎರಡೂ ನೋಡಿ ಹೋಲಿಸಿ.

ಯಾರಿಗೆ ಯಾವುದು? ಪರದೆ ಕಂಬಿ, ಸ್ವಿಚ್ ಬೋರ್ಡ್, ಮಂಚ ಜೋಡಿಸುವುದು, ಇಷ್ಟಕ್ಕೆ ಹೆಸರಿರುವ ಕಂಪನಿಯ 12 ವೋಲ್ಟ್ ಧಾರಾಳ ಆಯಿತು. ಎಲೆಕ್ಟ್ರಿಷಿಯನ್‌ಗಳಿಗೂ ಅದೇ ಹಗುರ. ದಿನಾ ಪ್ಲೈವುಡ್ ಕೆಲಸ ಮಾಡುವ ಆಚಾರ್ರು 18 ವೋಲ್ಟ್‌ಗೇ ಹೋಗಲಿ. ಸಾಧ್ಯವಾದರೆ ಬ್ರಶ್‌ಲೆಸ್ ಮೋಟರ್‌ನದು. ಅದರಲ್ಲಿ ಕಾರ್ಬನ್ ಇಲ್ಲ, ಬಿಸಿ ಕಡಿಮೆ, ಒಂದೇ ಚಾರ್ಜ್‌ಗೆ ಜಾಸ್ತಿ ಕೆಲಸ ನಡೆಯುತ್ತದೆ. ಆದರೆ ಒಳಗಿನ ಎಲೆಕ್ಟ್ರಾನಿಕ್ ಬೋರ್ಡ್ ಹೋದರೆ ಖರ್ಚು ದೊಡ್ಡದು, ಅದೂ ಗೊತ್ತಿರಲಿ. ವರ್ಷಕ್ಕೆ ನಾಲ್ಕು ತೂತು ಕೊರೆಯುವವರು ಕಾರ್ಡ್‌ಲೆಸ್ ಗೊಡವೆಗೇ ಹೋಗಬೇಡಿ. ವೈರ್ ಇರುವ ಡ್ರಿಲ್ ಅಗ್ಗ, ಅಟ್ಟದ ಮೇಲಿಟ್ಟು ಮರೆತರೂ ಕೆಡುವುದಿಲ್ಲ.

ನಮ್ಮ ಕಡೆ ಗೋಡೆ ನೋಡಿ ಮಾತಾಡಬೇಕು. ಹ್ಯಾಮರ್ ಗುರುತಿರುವ ಕಾರ್ಡ್‌ಲೆಸ್ ಡ್ರಿಲ್ ಇಟ್ಟಿಗೆ ಗೋಡೆಯನ್ನೂ ಹಾಲೋ ಬ್ಲಾಕ್ ಅನ್ನೂ ಕೊರೆಯುತ್ತದೆ. ಸೈಜುಗಲ್ಲಿನ ಗೋಡೆ, ಕಲ್ಲು ಕಂಬ, ಆರ್‌ಸಿಸಿ ಬೀಮ್ ಅದರ ಕೈಲಾಗದು. ಒತ್ತಿ ಒತ್ತಿ ಗೇರ್ ಹಲ್ಲು ಮುರಿದುಕೊಂಡು, ಕಂಪನಿಯನ್ನು ಬೈದುಕೊಂಡು ಬರುತ್ತಾರೆ. ಅದಕ್ಕೆ ಎಸ್‌ಡಿಎಸ್ ಬಿಟ್ (ಹಿಂಬದಿಯಲ್ಲಿ ಗಾಡಿಯಿದ್ದು, ತಳ್ಳಿದರೆ ಕೂರುವ ಬಿಟ್) ಹಾಕುವ ರೋಟರಿ ಹ್ಯಾಮರ್ ಬೇಕು. ಒಂದೆರಡು ದಿನದ ಕೆಲಸವಾದರೆ ಬಾಡಿಗೆಗೆ ತನ್ನಿ.

ಪಾವಗಡ, ಮಧುಗಿರಿ ಕಡೆಯಿಂದ ಬೇಸಿಗೆಯಲ್ಲಿ ಬರುವ ದೂರು ಬೇರೆ: ಚಾರ್ಜರ್ ಕೆಟ್ಟಿದೆ, ಕೆಂಪು ಲೈಟ್ ಮಿಣುಕುತ್ತದೆ ಅಂತ. ಎಷ್ಟೋ ಸಲ ಏನೂ ಕೆಟ್ಟಿರುವುದಿಲ್ಲ. ಬಿಸಿಲಲ್ಲಿ ಬಿಟ್ಟ ಬ್ಯಾಟರಿಯನ್ನು ಹಾಗೇ ಚಾರ್ಜರ್‌ಗೆ ಹಾಕಿರುತ್ತಾರೆ. ಲಿಥಿಯಂ ಸೆಲ್‌ಗಳನ್ನು ಸಾಮಾನ್ಯವಾಗಿ 45 ಡಿಗ್ರಿ ಮೀರಿ ಬಿಸಿಯಿದ್ದಾಗ ಚಾರ್ಜ್ ಮಾಡಬಾರದು. ಒಳ್ಳೆ ಪ್ಯಾಕ್‌ನಲ್ಲಿ ಶಾಖ ತಿಳಿಯುವ ಸೆನ್ಸರ್ ಇರುವುದರಿಂದ ಚಾರ್ಜರ್ ತಾನೇ ನಿಲ್ಲುತ್ತದೆ. ನೆರಳಲ್ಲಿ ಅರ್ಧ ಗಂಟೆ ಇಡಿ. ಕಳಪೆ ಪ್ಯಾಕ್ ಹೀಗೆ ತಕರಾರು ಮಾಡುವುದಿಲ್ಲ, ಸುಮ್ಮನೆ ಚಾರ್ಜ್ ಆಗುತ್ತಾ ಹೋಗುತ್ತದೆ. ನನಗೆ ಭಯ ಇರುವುದು ಅದರ ಮೇಲೇ. ತಿಂಗಳುಗಟ್ಟಲೆ ಕೆಲಸ ಇಲ್ಲದಿದ್ದರೆ ಬ್ಯಾಟರಿ ಖಾಲಿ ಇಡಬೇಡಿ, ಅರ್ಧದಷ್ಟು ಚಾರ್ಜ್ ಮಾಡಿ ಡ್ರಿಲ್‌ನಿಂದ ತೆಗೆದಿಡಿ.

ಅಂಗಡಿಯಲ್ಲಿ ಬ್ಯಾಟರಿ ತಿರುಗಿಸಿ ಲೇಬಲ್ ಓದಿ. ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು, ಬ್ಯಾಟರಿ ಸುರಕ್ಷತೆಯ ಮಾನಕವಾದ ಐಎಸ್ 16046 ಎಂಬ ಅಂಕಿ, 'ಆರ್' ಅಕ್ಷರದ ನೋಂದಣಿ ಸಂಖ್ಯೆ ಇದೆಯಾ ನೋಡಿ. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾವ ಕಂಪನಿಯದು ಎಂದು ಬರುತ್ತದೆ. ವಾರಂಟಿ ಕಾರ್ಡ್‌ನಲ್ಲಿ ಬ್ಯಾಟರಿಗೆ ಬೇರೆ ಅವಧಿ ಇದೆಯಾ ಎಂದು ಅಲ್ಲೇ ನಿಂತು ಓದಿ. ಮೆಷಿನ್‌ನ ಸೀರಿಯಲ್ ನಂಬರ್ ಬಿಲ್‌ನಲ್ಲಿ ಬರೆಸಿಕೊಂಡು, ಬಿಲ್‌ನ ಫೋಟೊ ತೆಗೆದಿಡಿ. ಆ ಶಾಯಿ ವರ್ಷದೊಳಗೆ ಮಾಸಿಹೋಗುತ್ತದೆ.